ಸೋರಿಕೆಯ ಲೆಕ್ಕ



ಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಒಂದು ಲೇಖನವನ್ನು ಬರೆಯುವದು ನಮ್ಮಲ್ಲಿ ಬಹುಕಾಲದಿಂದ ನಡೆದು ಬಂದ ಪದ್ಧತಿಯಾಗಿದೆ. ನನ್ನ ಹಿಂದಿನವರು ಶಿಸ್ತು, ಶುಚಿತ್ವ, ಸಮಯಪಾಲನೆ ಮುಂತಾದ ಘನವಾದ ವಿಷಯಗಳನ್ನು ಕುರಿತು ಬರೆದಿದ್ದಾರೆ. ನಾನಾದರೋ ಈ ಸಾರಿ ನಮ್ಮ ಆಫೀಸಿನ ಮೂಲೆಯಲ್ಲಿ, ಹಳೆಯ ರಿಜಿಸ್ಟರುಗಳ ಬೀರುವಿನ ಪಕ್ಕದಲ್ಲಿ, ಹಗಲಿರುಳೂ ಮೆಲ್ಲಗೆ ಸದ್ದು ಮಾಡುತ್ತಿರುವ ಒಂದು ಕಪ್ಪು ಪೆಟ್ಟಿಗೆಯ ವಿಷಯವಾಗಿ ಬರೆಯಬೇಕೆಂದಿದ್ದೇನೆ. ಅದಕ್ಕೆ ಹಿಡಿದ ರೋಗದ ಕಾರಣವನ್ನು ಕಂಡುಹಿಡಿಯುವದಕ್ಕೆ ನಮಗೆ ಐದು ವಾರಗಳು ಬೇಕಾದವು. ಆ ಐದು ವಾರಗಳ ಮೊದಲನೆಯ ದಿನದಲ್ಲಿಯೇ ನಾನು ಒಬ್ಬರಿಗೆ ಅನ್ಯಾಯವನ್ನು ಮಾಡಿದೆನು. ಅದನ್ನೂ ಮರೆಮಾಡದೆ ಹೇಳುವೆನು. ಇಂಥ ಪೆಟ್ಟಿಗೆಗಳು ಈಗ ಅನೇಕ ಶಾಲೆಗಳಲ್ಲಿ ಇರುವದರಿಂದ ನಮ್ಮ ಅನುಭವವು ಇತರರಿಗೂ ಉಪಯೋಗಕ್ಕೆ ಬಂದೀತು.

ಆ ಪೆಟ್ಟಿಗೆಗೆ ಕಡತಗಳನ್ನು ಹಂಚುವ ಸರ್ವರ್ ಎಂದು ಹೆಸರು. ಮಕ್ಕಳ ಅಂಕಪಟ್ಟಿಗಳು, ಪ್ರಶ್ನೆಪತ್ರಿಕೆಗಳು, ಸಂಬಳದ ಬಿಲ್ಲುಗಳು, ಹಳೆಯ ದಾಖಲಾತಿ ರಿಜಿಸ್ಟರುಗಳ ಚಿತ್ರಪ್ರತಿಗಳು, ಇವೆಲ್ಲವೂ ಅದರೊಳಗಿವೆ. ಆಫೀಸಿನ ಎರಡು, ಉಪಾಧ್ಯಾಯಿನಿಯರ ಕೋಣೆಯ ಮೂರು, ಗ್ರಂಥಾಲಯದ ಒಂದು, ಕಂಪ್ಯೂಟರ್ ಕೋಣೆಯ ಇಪ್ಪತ್ತು, ಹೀಗೆ 26 ಕಂಪ್ಯೂಟರುಗಳು ತಂತಿಯ ಮೂಲಕ ಅದರೊಂದಿಗೆ ಸೇರಿಕೊಂಡು, ಬೇಕಾದ ಕಡತವನ್ನು ಬೇಕಾದ ಸ್ಥಳದಿಂದ ತೆರೆಯುತ್ತವೆ. ಅದರಲ್ಲಿ ನಡೆಯುವದು ಲಿನಕ್ಸ್; ಅದರ ಮೇಲೆ ಕಡತ ಹಂಚುವ ಕೆಲಸವನ್ನು ಮಾಡುವದು ಸಾಂಬಾ ಎಂಬ ಪ್ರೋಗ್ರಾಂ. ಆಸ್ಟ್ರೇಲಿಯಾ ದೇಶದ ಕ್ಯಾನ್‌ಬೆರಾ ನಗರದ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡುತ್ತಿದ್ದ ಆಂಡ್ರೂ ಟ್ರಿಜೆಲ್ ಎಂಬವರು ಇದರ ಮೊದಲನೆಯ ರೂಪವನ್ನು 1991ರ ಕೊನೆಯಲ್ಲಿ ಬರೆದರು. ಎಸ್, ಎಂ, ಬಿ ಎಂಬ ಮೂರು ಅಕ್ಷರಗಳು ಕ್ರಮವಾಗಿ ಬರುವ ಶಬ್ದವನ್ನು ನಿಘಂಟಿನಲ್ಲಿ ಹುಡುಕಿಸಿ ಅವರು ಆ ಹೆಸರನ್ನು ಆರಿಸಿದರೆಂದು ನಮ್ಮ ಕಂಪ್ಯೂಟರ್ ಉಪಾಧ್ಯಾಯಿನಿಯು ಹೇಳಿದಾಗ ಮಕ್ಕಳು ಬಹಳ ನಕ್ಕರು. ಇದಕ್ಕೆ ಬೆಲೆಯನ್ನು ಕೊಡಬೇಕಾಗಿಲ್ಲ. ಆದದರಿಂದ ನಮ್ಮಂಥ ಬಡ ಶಾಲೆಗಳಿಗೆ ದೊಡ್ಡ ಉಪಕಾರವಾಗಿದೆ.

ಈಗ ನಡೆದ ಸಂಗತಿಗೆ ಬರುವೆನು. 2023ರ ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಎಲ್ಲಾ ಕೋಣೆಗಳಿಂದಲೂ ಒಂದೇ ದೂರು ಬಂದಿತು. ಕಡತ ತೆರೆಯಲು ಐದು ನಿಮಿಷ, ಮುಚ್ಚಲು ಹತ್ತು ನಿಮಿಷ. ಪೆಟ್ಟಿಗೆಯ ಮುಂದಿನ ಸಣ್ಣ ದೀಪವು ಮಿಣುಕದೆ ಒಂದೇ ಸಮನೆ ಉರಿಯುತ್ತಿದ್ದಿತು. ನಿಲ್ಲಿಸಿ ಪುನಃ ಪ್ರಾರಂಭಿಸಿದ ಕೂಡಲೆ ಎಲ್ಲವೂ ಸರಿಯಾಯಿತು. ಅಕ್ಟೋಬರಿನಲ್ಲಿಯೂ ಹಾಗೆಯೇ ಆಯಿತು, ಹಾಗೆಯೇ ಸರಿಪಡಿಸಿದೆವು. ಮಗುವಿಗೆ ಜ್ವರ ಬಂದಾಗಲೆಲ್ಲಾ ತಲೆಗೆ ತಣ್ಣೀರಿನ ಬಟ್ಟೆಯನ್ನಿಟ್ಟು, ಜ್ವರವೇತಕ್ಕೆ ಬಂದಿತೆಂದು ಕೇಳದ ತಾಯಿಯಂತೆ ನಾವು ನಡೆದುಕೊಂಡೆವು.

ಮೂರನೆಯ ಸಾರಿ ಬಂದದ್ದು ನವೆಂಬರಿನಲ್ಲಿ, ಹತ್ತನೆಯ ತರಗತಿಯ ಮಕ್ಕಳ ಪರೀಕ್ಷಾ ನೋಂದಣಿಯ ವಿವರಗಳನ್ನು ನಾವು ಮುಗಿಸಿ ಕಳುಹಿಸಬೇಕಾಗಿದ್ದ ಕೊನೆಯ ದಿನದಲ್ಲಿ. ಎಂಭತ್ತನಾಲ್ಕು ಹುಡುಗಿಯರ ಹೆಸರುಗಳನ್ನು ತಿದ್ದಿದ ಪಟ್ಟಿಯು ತೆರೆದಿದ್ದ ಹಾಗೆಯೇ ಸರ್ವರ್ ಸ್ತಬ್ಧವಾಯಿತು. ನಾನು ತಾಳ್ಮೆಗೆಟ್ಟು ವಿದ್ಯುತ್ತನ್ನೇ ತೆಗೆಯಿಸಿದೆನು. ಪೆಟ್ಟಿಗೆಯು ಎದ್ದು ಬಂದಿತು, ಪಟ್ಟಿಯು ಮಾತ್ರ ಕೆಟ್ಟುಹೋಗಿದ್ದಿತು. ಒಬ್ಬ ಹುಡುಗಿಯ ತಾಯಿಯ ಹೆಸರಿನಲ್ಲಿ ತಪ್ಪಿದ್ದುದರಿಂದ ಅವಳ ತಂದೆಯು ಆ ದಿನದ ಕೂಲಿಯನ್ನು ಬಿಟ್ಟು ಬಂದು ವರಾಂಡದಲ್ಲಿ ಕುಳಿತಿದ್ದನು. ದಾಖಲಾತಿ ರಿಜಿಸ್ಟರುಗಳನ್ನು ಕೆಳಗಿಳಿಸಿ, ಒಂದೊಂದು ಹೆಸರನ್ನೂ ಮೊದಲಿನಿಂದ ಬರೆದು ಕಳುಹಿಸಿ ಮುಗಿಸುವಾಗ ರಾತ್ರಿ ಒಂಭತ್ತು ಗಂಟೆಯಾಯಿತು. ಆ ತಂದೆಯು ಅಷ್ಟರ ವರೆಗೂ ಕುಳಿತೇ ಇದ್ದನು.

ಸರ್ವರನ್ನು ಜೋಡಿಸಿಕೊಟ್ಟ ಅಂಗಡಿಯವರಿಗೆ ಟೆಲಿಫೋನ್ ಮಾಡಿ ಕೇಳಲಾಗಿ, "ಯಾರೋ ಕಡತಗಳನ್ನು ಮುಚ್ಚದೆ ಬಿಟ್ಟಿರಬೇಕು, ನಿಮ್ಮವರಿಗೆ ಹೇಳಿರಿ" ಎಂದರು. ಯಾರು ಬಿಟ್ಟವರೆಂದು ನಾನು ವಿಚಾರಿಸಿದೆನು. ಆಫೀಸಿನ ಗುಮಾಸ್ತೆಯವರ ಕಂಪ್ಯೂಟರ್ ರಾತ್ರಿಯೂ ಆರುವದಿಲ್ಲವೆಂದು ಒಬ್ಬರು ಹೇಳಿದರು. ನನಗೆ ಅಷ್ಟೇ ಸಾಕಾಯಿತು. ಮರುದಿನ ಬೆಳಿಗ್ಗೆ ಅವರಿಗೆ ಒಂದು ಮೆಮೊ ಕಳುಹಿಸಿದೆನು: ಅಜಾಗ್ರತೆಯಿಂದ ಮಕ್ಕಳ ಭವಿಷ್ಯಕ್ಕೆ ತೊಂದರೆಯಾಗಲಿದ್ದಿತೆಂದೂ, ಸಮಾಧಾನಕರವಾದ ಉತ್ತರವನ್ನು ಮೂರು ದಿನಗಳೊಳಗೆ ಬರೆದು ಕೊಡಬೇಕೆಂದೂ.

ಈ ಗುಮಾಸ್ತೆಯವರು ಯಾರೆಂಬದನ್ನು ಹೇಳಬೇಕು. ನಾವೆಲ್ಲರೂ ಅವರನ್ನು ಅಕ್ಕನೆಂದು ಕರೆಯುತ್ತೇವೆ. ನಾನು ಎಂಟನೆಯ ತರಗತಿಗೆ ಈ ಶಾಲೆಗೆ ಬಂದಾಗ ನನ್ನ ಹೆಸರನ್ನು ರಿಜಿಸ್ಟರಿನಲ್ಲಿ ಬರೆದ ಕೈ ಅವರದೇ. ಮುಂದಿನ ಮೇ ತಿಂಗಳಲ್ಲಿ ಅವರು ನಿವೃತ್ತರಾಗುವವರಿದ್ದರು. ಮೆಮೊವಿಗೆ ಅವರು ಕೊಟ್ಟ ಉತ್ತರವು ಒಂದೇ ಸಾಲಿನದು: "ತಮ್ಮ ಸೂಚನೆಯ ಪ್ರಕಾರ ನಡೆದುಕೊಂಡಿರುತ್ತೇನೆ." ಅದನ್ನು ನಾನು ಉದ್ಧಟತನವೆಂದೆಣಿಸಿ, ಮೆಮೊವನ್ನೂ ಉತ್ತರವನ್ನೂ ಅವರ ಫೈಲಿಗೆ ಸೇರಿಸಿದೆನು.

ಆ ವಾರದಲ್ಲಿ ನಮ್ಮ ಕಂಪ್ಯೂಟರ್ ಉಪಾಧ್ಯಾಯಿನಿಯು ನನ್ನ ಬಳಿಗೆ ಬಂದಳು. ಅವಳು ನನ್ನದೇ ಶಿಷ್ಯೆ. ಆದಕಾರಣ ಏಕವಚನದಲ್ಲಿ ಬರೆಯುವದನ್ನು ಓದುಗರು ಮನ್ನಿಸಬೇಕು. "ಟೀಚರ್, ಇದು ಕಡತ ಮುಚ್ಚದೆ ಬಿಟ್ಟುದರ ಫಲವಲ್ಲವೆಂದು ನನಗೆ ತೋರುತ್ತದೆ. ಮೆಮೊರಿ ಸೋರಿಕೆಯಾಗಿರಬಹುದು" ಅಂದಳು. ಸೋರಿಕೆಯೆಂದರೇನೆಂದು ಕೇಳಿದೆನು. ಅವಳು ಹೇಳಿದ ರೀತಿಯು ಚೆನ್ನಾಗಿದ್ದುದರಿಂದ ಇಲ್ಲಿ ಬರೆಯುತ್ತೇನೆ.

ತರಗತಿಯ ಬೀರುವಿನಲ್ಲಿ ಅರುವತ್ತು ಸ್ಲೇಟುಗಳಿವೆಯೆಂದು ಎಣಿಸಿರಿ. ಲೆಕ್ಕ ಕೊಟ್ಟಾಗ ಮಗುವು ಒಂದು ಸ್ಲೇಟನ್ನು ತೆಗೆದುಕೊಂಡು, ಲೆಕ್ಕ ಮಾಡಿ, ಉತ್ತರ ಹೇಳಿ, ಒರಸಿ, ಬೀರುವಿನಲ್ಲಿ ತಿರುಗಿ ಇಡಬೇಕು. ಒಂದು ಮಗು ಮಾತ್ರ ಉತ್ತರವನ್ನು ಸರಿಯಾಗಿ ಹೇಳಿ, ಸ್ಲೇಟನ್ನು ಬೆಂಚಿನ ಕೆಳಗೆ ಸರಿಸಿ, ಮುಂದಿನ ಲೆಕ್ಕಕ್ಕೆ ಹೊಸ ಸ್ಲೇಟನ್ನು ತೆಗೆದುಕೊಳ್ಳುವದು. ಉತ್ತರಗಳು ತಪ್ಪದೆ ಇರುವದರಿಂದ ಅದರ ಮೇಲೆ ಯಾರಿಗೂ ಸಂಶಯವಿಲ್ಲ. ಒಂದು ದಿನ ಬೀರು ಬರಿದಾಗುವದು. ಆಗ ಲೆಕ್ಕ ಮಾಡಲಾರದೆ ನಿಲ್ಲುವದು ಇಡೀ ತರಗತಿ. ಕಂಪ್ಯೂಟರಿನ ಮೆಮೊರಿಯೂ ಹಾಗೆಯೇ. ಪ್ರೋಗ್ರಾಂ ಕೆಲಸಕ್ಕೆಂದು ಸ್ವಲ್ಪ ಸ್ಥಳವನ್ನು ಕೇಳಿ ಪಡೆಯುವದು. ಕೆಲಸ ತೀರಿದ ಮೇಲೆ ಬಿಟ್ಟುಕೊಡಬೇಕು. ಬರೆದವರು ಬಿಟ್ಟುಕೊಡುವ ಆಜ್ಞೆಯನ್ನು ಮರೆತರೆ ಆ ಸ್ಥಳವು ಯಾರಿಗೂ ಇಲ್ಲವಾಗುವದು. ಸೋರಿಕೆಯೆಂಬ ಹೆಸರಿದ್ದರೂ ಏನೂ ಹೊರಗೆ ಸುರಿಯುವದಿಲ್ಲ. ಹಿಡಿದದ್ದನ್ನು ಬಿಡದಿರುವದೇ ಸೋರಿಕೆ. ಸ್ಥಳವು ತೀರುತ್ತಾ ಬಂದಾಗ ಯಂತ್ರವು ಮೆಮೊರಿಯಲ್ಲಿರುವದನ್ನು ಡಿಸ್ಕಿನ ಮೇಲೆ ಬರೆದಿಟ್ಟು, ಬೇಕಾದಾಗ ತಿರುಗಿ ಓದುವದು. ಡಿಸ್ಕು ಮೆಮೊರಿಗಿಂತ ಬಹು ನಿಧಾನವಾದದ್ದು. ಒಂದೇ ಸಮನೆ ಉರಿದ ದೀಪದ ಅರ್ಥವು ಅದೇ.

ಇದನ್ನು ಕೇಳಿದ ಮೇಲೆ ನಾನು ಈ ವಿಷಯವನ್ನು ಓದತೊಡಗಿದೆನು. ಓದಿದವುಗಳಲ್ಲಿ ಲಂಡನ್ ನಗರದ ಆಂಬ್ಯುಲೆನ್ಸ್ ಸೇವೆಯ ವೃತ್ತಾಂತವು ನನ್ನ ಮನಸ್ಸಿಗೆ ನಾಟಿತು. 1992ರ ಅಕ್ಟೋಬರ್ 26ರಂದು ಅವರು ಗಾಡಿಗಳನ್ನು ಕಳುಹಿಸುವ ಕೆಲಸವನ್ನು ಹೊಸ ಕಂಪ್ಯೂಟರ್ ವ್ಯವಸ್ಥೆಗೆ ಒಪ್ಪಿಸಿದರು. ಸುಮಾರು 600 ಚದರ ಮೈಲಿಗಳ ಪ್ರದೇಶ. ದಿನಕ್ಕೆ ಎರಡು ಸಾವಿರಕ್ಕೂ ಹೆಚ್ಚು ಕರೆಗಳು. ಮರುದಿನವೇ ಗೊಂದಲವೆದ್ದು, ಅರ್ಧ ಕೈಯಿಂದಲೂ ಅರ್ಧ ಯಂತ್ರದಿಂದಲೂ ನಡೆಸುವ ಪದ್ಧತಿಗೆ ಹಿಂದಿರುಗಬೇಕಾಯಿತು. ಬಳಿಕ ನವೆಂಬರ್ 4ರ ನಸುಕಿನಲ್ಲಿ, ಎರಡು ಗಂಟೆ ಹೊಡೆದ ಸ್ವಲ್ಪ ಹೊತ್ತಿಗೆ, ವ್ಯವಸ್ಥೆಯು ನಿಧಾನವಾಗುತ್ತಾ ಬಂದು ಸಂಪೂರ್ಣವಾಗಿ ನಿಂತಿತು. ಕೆಲಸದವರು ತಮಗೆ ಕಲಿಸಿದ್ದ ಪ್ರಕಾರ ತಮ್ಮ ಮುಂದಿನ ಕಂಪ್ಯೂಟರುಗಳನ್ನು ಆರಿಸಿ ಹೊತ್ತಿಸಿದರು, ಪ್ರಯೋಜನವಾಗಲಿಲ್ಲ. ಬದಲಿಯಾಗಿ ನಿಲ್ಲಬೇಕಾಗಿದ್ದ ಸರ್ವರೂ ಕೈಕೊಟ್ಟಿತು. ಕೊನೆಗೆ ಕಾಗದವನ್ನೂ ಲೇಖನಿಯನ್ನೂ ಹಿಡಿದರು. 1993ರ ಫೆಬ್ರವರಿಯಲ್ಲಿ ಹೊರಬಿದ್ದ ವಿಚಾರಣೆಯ ವರದಿಯಲ್ಲಿ ಕಾರಣವು ಬರೆಯಲ್ಪಟ್ಟಿದೆ. ಮೂರು ವಾರಗಳ ಹಿಂದೆ ಪ್ರೋಗ್ರಾಂ ಬರೆಯುವವನೊಬ್ಬನು ಅರಿಯದೆ ಒಂದು ತುಣುಕನ್ನು ಒಳಗೆ ಬಿಟ್ಟಿದ್ದನು. ಒಂದೊಂದು ಗಾಡಿಯನ್ನು ಕಳುಹಿಸಿದಾಗಲೂ ಅದು ಕಡತಗಳ ಸರ್ವರಿನ ಮೆಮೊರಿಯಲ್ಲಿ ಸ್ವಲ್ಪವನ್ನು ಹಿಡಿದು, ಬಿಡದೆ ಇದ್ದಿತು. ಮೂರು ವಾರಗಳಲ್ಲಿ ಮೆಮೊರಿ ತೀರಿತು.

ಓದಿ ಮುಗಿಸಿದಾಗ ನನಗೆ ಎರಡು ಸಂಗತಿಗಳು ಹೊಳೆದವು. ನಮ್ಮದೂ ಕಡತಗಳ ಸರ್ವರ್. ನಮಗೂ ಹೆಚ್ಚುಕಡಿಮೆ ಅಷ್ಟೇ ವಾರಗಳಿಗೊಮ್ಮೆ ಕಾಟವು ಬರುತ್ತಿತ್ತು. ಮತ್ತು ಅಲ್ಲಿ ಆ ರಾತ್ರಿ ಕುಳಿತವರ ಕೈಯಲ್ಲಿ ತಪ್ಪಿರಲಿಲ್ಲ. ಎರಡನೆಯದನ್ನು ನಾನು ಆಗ ಹೆಚ್ಚಾಗಿ ಆಲೋಚಿಸಲಿಲ್ಲ.

ನಾವು ಒಂದು ನೋಟ್ ಪುಸ್ತಕವನ್ನು ತೆರೆದೆವು. ಪ್ರಾರ್ಥನೆಯ ಗಂಟೆಗೆ, ಮಧ್ಯಾಹ್ನದ ಊಟದ ಗಂಟೆಗೆ, ಶಾಲೆ ಬಿಡುವ ಗಂಟೆಗೆ, ದಿನಕ್ಕೆ ಮೂರು ಸಾರಿ ಸರ್ವರಿನ ಮೆಮೊರಿಯ ಅಂಕೆಗಳನ್ನು ಬರೆಯುವದೆಂದು ನಿಶ್ಚಯಿಸಿದೆವು. ಎರಡನೆಯ ದಿನವೇ ನಾನು ಕೂಗಿಕೊಂಡೆನು. ಏಕೆಂದರೆ 4 ಜಿಬಿಯ ಯಂತ್ರದಲ್ಲಿ ಖಾಲಿ ಉಳಿದದ್ದು ಕೇವಲ 150 ಎಂಬಿ ಎಂದು ಕಂಡಿತು. ಅವಳು ನಕ್ಕು, "ಟೀಚರ್, ನೀವು ಓದಿದ ಕಾಲಂ ಬೇರೆ" ಅಂದಳು. ಲಿನಕ್ಸ್ ಕೆಲಸವಿಲ್ಲದ ಮೆಮೊರಿಯನ್ನು ಸುಮ್ಮನೆ ಇಡುವದಿಲ್ಲ. ಒಮ್ಮೆ ಓದಿದ ಕಡತಗಳ ಪ್ರತಿಯನ್ನು ಅದರಲ್ಲಿ ಇಟ್ಟುಕೊಂಡು, ಪುನಃ ಯಾರಾದರೂ ಕೇಳಿದರೆ ಬೇಗನೆ ಕೊಡುವದು. ಬೇರೆ ಕೆಲಸಕ್ಕೆ ಸ್ಥಳ ಬೇಕಾದ ಕೂಡಲೆ ಅದನ್ನು ಬಿಟ್ಟುಕೊಡುವದು. ಆದಕಾರಣ ಖಾಲಿ ಎಂಬ ಕಾಲಮನ್ನಲ್ಲ, ಒದಗಿಸಬಹುದಾದದ್ದು ಎಂಬ ಕಾಲಮನ್ನು ನೋಡಬೇಕು. ಅದರಲ್ಲಿ ಪುನಃ ಪ್ರಾರಂಭಿಸಿದ ದಿನ ಸುಮಾರು 3,400 ಎಂಬಿ ಇದ್ದಿತು.

ಹದಿನಾಲ್ಕು ದಿನಗಳ ಅಂಕೆಗಳನ್ನು ನಾನು ಗ್ರಾಫ್ ಕಾಗದದ ಮೇಲೆ ಗುರುತು ಮಾಡಿದೆನು. ಚುಕ್ಕೆಗಳು ಅಡಿಕೋಲನ್ನಿಟ್ಟು ಎಳೆದ ಗೆರೆಯಂತೆ ಕೆಳಗಿಳಿದವು. ದಿನಕ್ಕೆ 135 ಎಂಬಿ. ಹಾಗೆ ಇಳಿದರೆ 3,400 ಎಂಬಿ ಇಪ್ಪತ್ತೈದು ದಿನಗಳಲ್ಲಿ ತೀರಬೇಕು; ನಮ್ಮ ಕಾಟವು ಬರುತ್ತಿದ್ದುದೂ ಸುಮಾರು ಅಷ್ಟೇ ದಿನಗಳಿಗೊಮ್ಮೆ. ಆದರೆ ನನ್ನನ್ನು ಬೆರಗುಗೊಳಿಸಿದ್ದು ಬೇರೊಂದು. ಶಾಲೆಗೆ ಒಬ್ಬ ಮಗುವೂ ಬಾರದ ಆದಿತ್ಯವಾರಗಳಲ್ಲಿಯೂ ಗೆರೆಯು ಅಷ್ಟೇ ಇಳಿದಿದ್ದಿತು. ಹಾಗಾದರೆ ಇದು ಕಂಪ್ಯೂಟರ್ ಕೋಣೆಯ ಮಕ್ಕಳಿಂದಲ್ಲ, ಪಾಠದಿಂದಲ್ಲ. ಯಾವದೋ ಒಂದು ವಸ್ತುವು ಗಡಿಯಾರದಂತೆ, ರಜೆಯಿಲ್ಲದೆ, ಸಮನಾಗಿ ತಿನ್ನುತ್ತಿರಬೇಕು.

ಸಾಂಬಾದ ಕೆಲಸದಲ್ಲಿ ಒಂದು ಅನುಕೂಲವಿದೆ. ಬಂದು ಸೇರುವ ಒಂದೊಂದು ಕಂಪ್ಯೂಟರಿಗೂ ಅದು ಪ್ರತ್ಯೇಕವಾಗಿ ಒಂದೊಂದು ಪ್ರೊಸೆಸ್ಸನ್ನು, ಅಂದರೆ ಒಬ್ಬೊಬ್ಬ ಆಳನ್ನು, ನೇಮಿಸುವದು. ಯಾವ ಆಳು ಎಷ್ಟು ಮೆಮೊರಿಯನ್ನು ಹಿಡಿದಿರುವನೆಂದು ಕ್ರಮವಾಗಿ ನೋಡಬಹುದು. ಹದಿನಾಲ್ಕನೆಯ ದಿನ ನೋಡಿದೆವು. ಇಪ್ಪತ್ತಕ್ಕೂ ಹೆಚ್ಚು ಆಳುಗಳು ತಲಾ 20 ಅಥವಾ 25 ಎಂಬಿ ಹಿಡಿದಿದ್ದರು. ಒಬ್ಬನು ಮಾತ್ರ 1,900 ಎಂಬಿ ಹಿಡಿದಿದ್ದನು. ಆ ಆಳು ಯಾರ ಕಂಪ್ಯೂಟರಿಗೆ ಸೇರಿದವನೆಂದು ಪಟ್ಟಿಯಲ್ಲಿ ನೋಡಲಾಗಿ, ಅಕ್ಕನವರ ಕಂಪ್ಯೂಟರೆಂದು ತಿಳಿಯಿತು.

ನನಗೆ ಸಂತೋಷವಾಯಿತೆಂಬದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. "ನಾನು ಮೆಮೊ ಕೊಟ್ಟದ್ದು ನ್ಯಾಯವೇ ಆಯಿತು" ಅಂದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರ ಕಂಪ್ಯೂಟರೆಂಬದು ತಿಳಿಯಿತು, ಟೀಚರ್, ಏತಕ್ಕೆಂಬದು ಇನ್ನೂ ತಿಳಿಯಲಿಲ್ಲ" ಅಂದಳು. ಇದೇ ಮಾತನ್ನು ನಾನು ಅವಳಿಗೆ ವಿಜ್ಞಾನದ ಪಾಠದಲ್ಲಿ ಬೇರೆ ರೂಪದಲ್ಲಿ ಕಲಿಸಿದ್ದೆನು.

ಅಕ್ಕನವರ ಕಂಪ್ಯೂಟರಿನಲ್ಲಿ ಸ್ಕ್ಯಾನರಿಗೆ ಸಂಬಂಧಪಟ್ಟ ಒಂದು ಪ್ರೋಗ್ರಾಂ ಇದ್ದಿತು. ಹಳೆಯ ರಿಜಿಸ್ಟರಿನ ಚಿತ್ರವು ಸರ್ವರಿನ ಒಂದು ಫೋಲ್ಡರಿಗೆ ಬಂದಿದೆಯೋ ಎಂದು ಅದು ಐದು ಸೆಕೆಂಡಿಗೊಮ್ಮೆ ಇಣಿಕಿ ನೋಡುತ್ತಿತ್ತು. ಐದು ಸೆಕೆಂಡಿಗೊಮ್ಮೆಯಾದರೆ ದಿನಕ್ಕೆ 17,280 ಸಾರಿ. 135 ಎಂಬಿಯನ್ನು ಅಷ್ಟು ಸಾರಿಗೆ ಭಾಗಿಸಿದರೆ ಒಂದು ಸಾರಿಗೆ 8 ಕೆಬಿ ಬಂದಿತು. ಒಂದು ಇಣುಕಿಗೆ ಒಂದು ಸ್ಲೇಟು! ಆದರೂ ಲೆಕ್ಕವು ಹೊಂದಿದ ಮಾತ್ರಕ್ಕೆ ಸಿದ್ಧಾಂತವಾಗಲಿಲ್ಲವೆಂದು, ಒಂದೊಂದನ್ನೇ ಬದಲಾಯಿಸಿ ಪರೀಕ್ಷಿಸಿದೆವು. ಮೊದಲು, ಐದು ಸೆಕೆಂಡಿನ ಬದಲಾಗಿ ಒಂದು ನಿಮಿಷಕ್ಕೊಮ್ಮೆ ನೋಡುವಂತೆ ಮಾಡಿದೆವು. ದಿನದ ಸೋರಿಕೆಯು ಹನ್ನೆರಡರಲ್ಲಿ ಒಂದು ಪಾಲಾಗಿ, ಸುಮಾರು 11 ಎಂಬಿಗೆ ಇಳಿಯಿತು. ಬಳಿಕ ಅದನ್ನು ಮೊದಲಿನಂತೆ ಐದು ಸೆಕೆಂಡಿಗೆ ಇಟ್ಟು, ಆ ಪ್ರೋಗ್ರಾಮನ್ನು ಗ್ರಂಥಾಲಯದ ಕಂಪ್ಯೂಟರಿಗೆ ಸಾಗಿಸಿದೆವು. ಸೋರಿಕೆಯೂ ಅದರೊಂದಿಗೆ ಗ್ರಂಥಾಲಯಕ್ಕೆ ಹೋಯಿತು. ಅಕ್ಕನವರ ಆಳು 20 ಎಂಬಿಯಲ್ಲಿ ಸುಮ್ಮನೆ ಕುಳಿತನು. ಅಂದಿನಿಂದ ನಾನು ಮೆಮೊವಿನ ಮಾತನ್ನು ಆಡಲಿಲ್ಲ.

ಇನ್ನೂ ಒಂದು ಪ್ರಶ್ನೆಯು ಉಳಿದಿದ್ದಿತು. ಇಣಿಕಿ ನೋಡುವದು ತಪ್ಪಲ್ಲ. ಎಷ್ಟು ಸಾರಿ ಕೇಳಿದರೂ ಉತ್ತರ ಕೊಟ್ಟು ಸ್ಲೇಟನ್ನು ಒರಸಿಡುವದು ಸರ್ವರಿನ ಧರ್ಮ. ಅದು ಏಕೆ ಇಡಲಿಲ್ಲ? ಸಾಂಬಾದ ಆಳು ತಾನು ಪಡೆದ ಮೆಮೊರಿಗೆ ತನ್ನದೇ ಒಂದು ಲೆಕ್ಕದ ಪುಸ್ತಕವನ್ನಿಡುವನು. ಯಾವ ಕೆಲಸಕ್ಕೆ ಎಷ್ಟೆಂದು ಕೇಳಿದರೆ ತೋರಿಸುವನು. ಅವಳು ಅದನ್ನು ತೆಗೆಸಿ ನೋಡಿದಳು. ಪುಸ್ತಕದಲ್ಲಿ ಇದ್ದದ್ದು ಕೆಲವೇ ಎಂಬಿ. ಕೈಯಲ್ಲಿ ಹಿಡಿದದ್ದು ನೂರಾರು ಎಂಬಿ. ಹಾಗಾದರೆ ಪುಸ್ತಕದಲ್ಲಿ ಬರೆಯದೆ ಹೊರಗಿನಿಂದ ತೆಗೆದುಕೊಳ್ಳುವವನೊಬ್ಬನು ಒಳಗಿರಬೇಕು. ಹುಡುಕಲಾಗಿ, ಯಾರು ಯಾವ ಫೋಲ್ಡರನ್ನು ನೋಡಿದರೆಂದು ಬರೆದಿಡುವದಕ್ಕಾಗಿ ಅಂಗಡಿಯವರು ತಾವೇ ಮಾಡಿ ಸೇರಿಸಿದ್ದ ಒಂದು ಚಿಕ್ಕ ಉಪಾಂಗವು ಸಿಕ್ಕಿತು. ಅದನ್ನು ಕರೆಯುವ ಒಂದು ಸಾಲನ್ನು ತೆಗೆದೆವು. ಎರಡು ದಿನ ಗೆರೆಯು ಅಲುಗಲಿಲ್ಲ. ತಿರುಗಿ ಸೇರಿಸಿದೆವು, ಇಳಿಯತೊಡಗಿತು. ತಿರುಗಿ ತೆಗೆದೆವು, ನಿಂತಿತು. ಅಂಗಡಿಯವರಿಗೆ ಅಂಕೆಗಳ ಸಮೇತ ಪತ್ರ ಬರೆಯಲಾಗಿ, ಅವರು ಪರೀಕ್ಷಿಸಿ ತಪ್ಪನ್ನೊಪ್ಪಿಕೊಂಡರು. ಪ್ರತಿ ಸಾರಿಯೂ 8 ಕೆಬಿ ಸ್ಥಳವನ್ನು ಪಡೆದು, ಬಿಟ್ಟುಕೊಡುವ ಒಂದು ಸಾಲನ್ನು ಬರೆಯುವದಕ್ಕೆ ಮರೆತಿದ್ದರಂತೆ.

ಈ ತಪ್ಪು ಮೊದಲಿನಿಂದಲೂ ಇದ್ದರೂ ಸೆಪ್ಟೆಂಬರಿನ ವರೆಗೆ ಏಕೆ ಕಾಣಲಿಲ್ಲವೆಂದು ಕೆಲವರು ಕೇಳಿಯಾರು. ಬೇರೆ ಕಂಪ್ಯೂಟರುಗಳೂ ಫೋಲ್ಡರನ್ನು ನೋಡಿದಾಗ ಸ್ಲೇಟು ಹೋಗುತ್ತಲೇ ಇದ್ದಿತು; ಆದರೆ ಸಾಯಂಕಾಲ ಅವುಗಳನ್ನು ಆರಿಸಿದ ಮೇಲೆ ಅವುಗಳ ಆಳುಗಳೂ ಮನೆಗೆ ಹೋಗುವರು. ಆಳು ಹೋದನೆಂದರೆ ಅವನ ಬೆಂಚಿನ ಕೆಳಗಿರುವದನ್ನೆಲ್ಲಾ ಲಿನಕ್ಸ್ ಗುಡಿಸಿ ಬೀರುವಿಗೆ ಸೇರಿಸುವದು. ಮನೆಗೆ ಹೋಗದವನು ಅಕ್ಕನವರ ಆಳು ಒಬ್ಬನೇ. ಆ ಸ್ಕ್ಯಾನರಿನ ಪ್ರೋಗ್ರಾಂ ಬಂದದ್ದು ಜೂನ್ ತಿಂಗಳಲ್ಲಿ. ಜೂನ್, ಜುಲೈಗಳ ಮಳೆಗಾಳಿಯಲ್ಲಿ ನಮ್ಮೂರಲ್ಲಿ ವಿದ್ಯುತ್ತು ಮೇಲಿಂದ ಮೇಲೆ ಹೋಗುವದರಿಂದ ಸರ್ವರ್ ತಾನಾಗಿ ನಿಂತು ಪುನಃ ಪ್ರಾರಂಭವಾಗುತ್ತಿತ್ತು. ಆಗಸ್ಟಿನಲ್ಲಿ ಹಳೆಯ ವಿದ್ಯಾರ್ಥಿನಿಯರು ದೊಡ್ಡ ಬ್ಯಾಟರಿಗಳನ್ನು ಕೊಡಿಸಿದರು. ಅಂದಿನಿಂದ ಸರ್ವರ್ ನಿಲ್ಲಲಿಲ್ಲ, ರೋಗವು ಹೊರಬಿದ್ದಿತು.

ಅಕ್ಕನವರ ಕಂಪ್ಯೂಟರ್ ರಾತ್ರಿಯೂ ಏಕೆ ಉರಿಯುತ್ತಿತ್ತೆಂಬ ಮಾತು ಒಂದು ಉಳಿಯಿತು. ಅವರನ್ನು ಕೇಳುವ ಧೈರ್ಯವಿಲ್ಲದೆ ನಾನು ಶಾಲೆಯ ಸೂಚನಾ ಪುಸ್ತಕವನ್ನು ತಿರುವಿದೆನು. ಜೂನ್ ತಿಂಗಳ ಪುಟದಲ್ಲಿ, ನನ್ನದೇ ಕೈಬರಹದಲ್ಲಿ, ಹೀಗೆಂದಿದ್ದಿತು: ರಾತ್ರಿಯಲ್ಲಿ ಕಡತಗಳ ಪ್ರತಿಯು ತೆಗೆಯಲ್ಪಡಬೇಕಾಗಿರುವದರಿಂದ ಆಫೀಸಿನ ಕಂಪ್ಯೂಟರನ್ನು ಯಾವ ಕಾರಣಕ್ಕೂ ಆರಿಸಕೂಡದು. ಕೆಳಗೆ ನನ್ನ ರುಜು. ಅದರ ಕೆಳಗೆ, ನೋಡಿದೆನೆಂಬದಕ್ಕೆ, ಅಕ್ಕನವರ ರುಜು. "ತಮ್ಮ ಸೂಚನೆಯ ಪ್ರಕಾರ ನಡೆದುಕೊಂಡಿರುತ್ತೇನೆ" ಎಂಬ ಸಾಲನ್ನು ನಾನು ಆಗ ಮೊದಲನೆಯ ಸಾರಿ ಸರಿಯಾಗಿ ಓದಿದೆನು.

ಆ ಸಾಯಂಕಾಲ ಮಕ್ಕಳು ಹೋದ ಮೇಲೆ ಫೈಲನ್ನೂ ಸೂಚನಾ ಪುಸ್ತಕವನ್ನೂ ತೆಗೆದುಕೊಂಡು ಅಕ್ಕನವರ ಮೇಜಿನ ಬಳಿಗೆ ಹೋದೆನು. ಅವರು ಎದ್ದು ನಿಂತರು. ಕುಳಿತುಕೊಳ್ಳಿರೆಂದು ಹೇಳಿ ನಾನೂ ಕುಳಿತೆನು. "ಅಕ್ಕಾ, ತಪ್ಪು ನನ್ನದು. ಈ ಮೆಮೊವನ್ನು ನಿಮ್ಮ ಮುಂದೆಯೇ ಹರಿದು ಹಾಕುತ್ತೇನೆ" ಅಂದೆನು.

ಅವರು ಫೈಲಿನ ಮೇಲೆ ಕೈಯನ್ನಿಟ್ಟರು. "ಹರಿಯಬೇಡಿರಿ, ಟೀಚರ್. ಆಫೀಸಿನ ಕಾಗದವನ್ನು ಹರಿಯುವ ಪದ್ಧತಿ ನಮ್ಮಲ್ಲಿಲ್ಲ. ಕೆಳಗೆ ಸಂಗತಿಯನ್ನು ಬರೆದು ರುಜು ಮಾಡಿರಿ."

"ಸೂಚನಾ ಪುಸ್ತಕದ ಸಂಗತಿ ನಿಮಗೆ ನೆನಪಿದ್ದಿತಲ್ಲವೇ? ನನಗೆ ಏಕೆ ತೋರಿಸಲಿಲ್ಲ?" ಎಂದು ಕೇಳಿದೆನು.

"ಉತ್ತರದಲ್ಲಿ ಬರೆದಿದ್ದೆನಲ್ಲಾ. ಓದುತ್ತೀರೆಂದು ಎಣಿಸಿದೆನು" ಅಂದರು. ಬಳಿಕ ತುಸು ಹೊತ್ತು ಬಿಟ್ಟು, "ಮೂವತ್ತಾರು ವರುಷಗಳಲ್ಲಿ ಮೆಮೊ ಬಂದದ್ದು ಇದೊಂದೇ. ಮನೆಯಲ್ಲಿ ಹೇಳಲಿಲ್ಲ" ಅಂದರು. ಅವರು ಅಳಲಿಲ್ಲ, ಕೋಪಿಸಿಕೊಳ್ಳಲೂ ಇಲ್ಲ. ಡ್ರಾಯರಿನಿಂದ ಕೆಂಪು ಶಾಯಿಯ ಲೇಖನಿಯನ್ನು ತೆಗೆದು ನನ್ನ ಕಡೆಗೆ ಇಟ್ಟರು. ರಿಜಿಸ್ಟರಿನಲ್ಲಿ ತಪ್ಪು ಬಿದ್ದರೆ ಕೆರೆದು ಅಳಿಸಬಾರದು. ಒಂದೇ ಗೆರೆಯಿಂದ ಹೊಡೆದು, ಸರಿಯಾದದ್ದನ್ನು ಮೇಲೆ ಬರೆದು, ತಾರೀಖನ್ನೂ ರುಜುವನ್ನೂ ಹಾಕಬೇಕೆಂದು ಹೊಸ ಉಪಾಧ್ಯಾಯಿನಿಯರಿಗೆಲ್ಲಾ ಕಲಿಸಿದವರು ಅವರೇ. ನಾನು ಆ ಪ್ರಕಾರ ಮೆಮೊವಿನ ಮೇಲೆ ಗೆರೆಯೆಳೆದು, ದೋಷವು ಗುಮಾಸ್ತೆಯವರದಲ್ಲವೆಂದೂ, ವಿಚಾರಿಸದೆ ಬರೆದದ್ದು ನನ್ನ ತಪ್ಪೆಂದೂ ಬರೆದು ರುಜು ಮಾಡಿದೆನು. ಮುಂದಿನ ಉಪಾಧ್ಯಾಯಿನಿಯರ ಸಭೆಯಲ್ಲಿ ಅದನ್ನು ಓದಿದೆನು. ಮೆಮೊ ಕೊಟ್ಟದ್ದು ಎಲ್ಲರಿಗೂ ತಿಳಿದಿದ್ದುದರಿಂದ, ಹಿಂದೆಗೆದುಕೊಂಡದ್ದೂ ಎಲ್ಲರಿಗೂ ತಿಳಿಯಬೇಕಾಗಿದ್ದಿತು.

ಇತರ ಶಾಲೆಗಳವರಿಗೆ ಉಪಯೋಗವಾಗಬಹುದಾದ ನಾಲ್ಕು ಮಾತುಗಳನ್ನು ಹೇಳಿ ಮುಗಿಸುವೆನು. ಸರ್ವರ್ ನಿಧಾನವಾದಾಗ ನಿಲ್ಲಿಸಿ ಪ್ರಾರಂಭಿಸುವದು ಅಂದಿನ ಕೆಲಸ ನಡೆಯುವದಕ್ಕೆ ಸಾಕು, ರೋಗಕ್ಕೆ ಸಾಲದು. ಹಾಗೆ ಮಾಡುವ ಮೊದಲು ಯಾವ ಪ್ರೊಸೆಸ್ ಎಷ್ಟು ಮೆಮೊರಿಯನ್ನು ಹಿಡಿದಿದೆಯೆಂದು ಬರೆದುಕೊಳ್ಳಿರಿ, ಏಕೆಂದರೆ ನಿಲ್ಲಿಸಿದ ಕ್ಷಣದಲ್ಲಿ ಸಾಕ್ಷ್ಯವೆಲ್ಲಾ ಅಳಿಸಿಹೋಗುವದು. ಅಂಕೆಗಳನ್ನು ಎರಡು ವಾರಗಳಾದರೂ ಬರೆದು ಗೆರೆಯನ್ನೆಳೆಯಿರಿ. ರಜಾದಿನಗಳನ್ನು ಬಿಡಬೇಡಿರಿ, ನಮಗೆ ದಾರಿಯನ್ನು ತೋರಿಸಿದ್ದು ಆದಿತ್ಯವಾರವೇ. ಒಂದು ಸಾರಿಗೆ ಒಂದನ್ನೇ ಬದಲಾಯಿಸಿರಿ. ತೆಗೆದದ್ದನ್ನು ತಿರುಗಿ ಸೇರಿಸಿಯೂ ನೋಡಿರಿ. ಕಾರಣವು ಸಿಕ್ಕುವ ವರೆಗೆ, ಅದು ತಾನಾಗಿ ನಿಲ್ಲುವದನ್ನು ಕಾಯದೆ, ಯಾರಿಗೂ ಕೆಲಸವಿಲ್ಲದ ಹೊತ್ತಿನಲ್ಲಿ, ಎಲ್ಲಾ ಕಡತಗಳನ್ನು ಮುಚ್ಚಿಸಿ, ವಾರಕ್ಕೊಮ್ಮೆ ನೀವೇ ನಿಲ್ಲಿಸಿ ಪ್ರಾರಂಭಿಸಿರಿ. ಯಾರ ಹೆಸರಿಗಾದರೂ ಮೆಮೊ ಬರೆಯುವದಾದರೆ ಇವೆಲ್ಲವೂ ತೀರಿದ ಮೇಲೆ ಬರೆಯಿರಿ.

ಅಕ್ಕನವರು 2024ರ ಮೇ ತಿಂಗಳಿನಲ್ಲಿ ನಿವೃತ್ತರಾದರು. ಕೊನೆಯ ದಿನದ ವರೆಗೂ ಪ್ರಾರ್ಥನೆಯ ಗಂಟೆಯ ಅಂಕೆಯನ್ನು ತಾವೇ ಬರೆಯುತ್ತೇನೆಂದು ಕೇಳಿಕೊಂಡು, ತಮ್ಮ ದುಂಡಾದ ಅಕ್ಷರದಲ್ಲಿ ಬರೆದರು. ಆ ನೋಟ್ ಪುಸ್ತಕವು ಈಗಲೂ ಸರ್ವರಿನ ಮೇಲೆ ಇದೆ. ನೋಡಬೇಕೆನ್ನುವವರು ಆಫೀಸಿನಲ್ಲಿ ಕೇಳಿ ನೋಡಬಹುದು. ಜನವರಿಯಿಂದ ಮೇ ವರೆಗೆ ಅವರು ಬರೆದ ಪುಟಗಳಲ್ಲಿ ಅಂಕೆಗಳು ಸ್ವಲ್ಪ ಏರುತ್ತವೆ, ಸ್ವಲ್ಪ ಇಳಿಯುತ್ತವೆ. ಒಂದೇ ಕಡೆಗೆ ಜಾರುವದಿಲ್ಲ.